ಗಾರ್ಡ್ ಸಾಹೇಬರ ದನಿಯಲ್ಲಿ ಹೇಳಿದ ಸುಳ್ಳು

ಚಿರತೆ ಕ್ವಾರಿ ಕಡೆ ಹೋಗಿದೆ ಎಂದು ಊರವರಿಗೆ ಹೇಳಿದವನು ನಾನು. ಹೇಳುವಾಗ ಅದು ಎಲ್ಲಿಗೂ ಹೋಗಿರಲಿಲ್ಲ. ಒಂದು ಕಲ್ಲೆಸೆತದ ದೂರದಲ್ಲಿ, ಎರಡು ಗುಂಡುಕಲ್ಲುಗಳ ಸಂದಿಯಲ್ಲಿ ಮಲಗಿತ್ತು. ಅದರ ಬಾಲದ ತುದಿ ನನಗೆ ಕಾಣುತ್ತಿತ್ತು. ಸುಳ್ಳು ಹೇಳಿದ್ದು ಸಾಲದೆಂದು, ಅದನ್ನು ನನ್ನ ದನಿಯಲ್ಲಿಯೂ ಹೇಳಲಿಲ್ಲ. ನಮ್ಮ ಗಾರ್ಡ್ ಸಾಹೇಬರ ದನಿಯಲ್ಲಿ ಹೇಳಿದೆ. ಆ ಕ್ವಾರಿಯ ತಳದಲ್ಲಿ ಆಗ ಒಬ್ಬ ಹೆಣ್ಣುಮಗಳು ಆಡು ಮೇಯಿಸುತ್ತಿದ್ದಳು. ಇಷ್ಟನ್ನು ಮೊದಲೇ ಹೇಳಿಬಿಡುತ್ತೇನೆ. ಇಲ್ಲದಿದ್ದರೆ ಹೇಳುತ್ತ ಹೇಳುತ್ತ ನಾನು ಜಾಣನಾಗಿಬಿಡುವ ಅಪಾಯವಿದೆ.

ಊರು ಗಂಗಾವತಿ ಕಡೆಯದು. ಒಂದು ಬದಿಗೆ ಕಾಲುವೆ, ಭತ್ತದ ಗದ್ದೆ, ಬಾಳೆತೋಟ. ಇನ್ನೊಂದು ಬದಿಗೆ ಯಾರೋ ಆಡಿ ಎತ್ತಿಡದೆ ಹೋದ ಹಾಗೆ ಬಿದ್ದಿರುವ ಗುಂಡುಕಲ್ಲುಗಳ ಗುಡ್ಡ. ಆ ಊರಲ್ಲಿ ಮೊದಲು ನಾಯಿಗಳು ಕಾಣೆಯಾದವು, ಆಮೇಲೆ ಒಂದು ಎಮ್ಮೆಗರು. ಅರಣ್ಯ ಇಲಾಖೆಯವರು ಗುಡ್ಡದ ಬುಡದಲ್ಲಿ ಬೋನು ತಂದಿಟ್ಟರು. ಬೋನು ಕಾಯಲು ದಿನಗೂಲಿಯ ವಾಚರ್ ಒಬ್ಬ ಬೇಕಾಗಿದ್ದ. ಕುಷ್ಟಗಿ ತಾಲ್ಲೂಕಿನ ಬಯಲಿನಿಂದ ಬಂದ ನನಗೆ ಚಿರತೆ ಎಂದರೆ ಕ್ಯಾಲೆಂಡರಿನ ಚಿತ್ರ. ಆರ್ಕೆಸ್ಟ್ರಾಗಳಲ್ಲಿ ಹಾಡಿಗೂ ಹಾಡಿಗೂ ನಡುವೆ ಮಿಮಿಕ್ರಿ ಮಾಡುತ್ತಿದ್ದೆ, ಆ ವರ್ಷ ಕರೆಯುವವರು ಕಡಿಮೆಯಾಗಿದ್ದರು. ಕುಳಿತಲ್ಲೇ ಕೂತು ಪಗಾರ ಎಂದುಕೊಂಡು ಸೇರಿದೆ.

ಬೋನಿನಲ್ಲಿ ಎರಡು ಭಾಗ. ಹಿಂದಿನ ಸಣ್ಣ ಗೂಡಿನಲ್ಲಿ ಆಡು, ನಡುವೆ ಕಬ್ಬಿಣದ ಜಾಲರಿ, ಮುಂದೆ ಚಿರತೆ ಕಾಲಿಟ್ಟರೆ ಕೆಳಗಿಳಿಯುವ ತಗಡು. ತಗಡು ಇಳಿದರೆ ತಂತಿ ಸಡಿಲಾಗಿ ಬಾಗಿಲು ಬೀಳಬೇಕು. ಮೇಲೆಲ್ಲ ಹಸಿ ಟೊಂಗೆ ಹೊದಿಸಿದ್ದೆವು. ಆಡು ಊರಿನ ಒಬ್ಬ ಹೆಂಗಸಿನದು. ಊರೆಲ್ಲ ಅವಳನ್ನು ದೊಡ್ಡವ್ವ ಎನ್ನುತ್ತಿತ್ತು, ನಾನೂ ಹಾಗೇ ಕರೆದೆ. ಗಟ್ಟಿ ಆಳು, ಮಾತು ಕಡಿಮೆ. ದಿನಾ ಸಂಜೆ ಬಂದು ಬೋನಿನ ಆಡಿಗೆ ಸೊಪ್ಪು ಹಾಕಿ, ಅದರ ಕಿವಿ ಸವರಿ ಹೋಗುತ್ತಿದ್ದಳು. ಆಡು ಮಾತ್ರ ನಮ್ಮ ಕೆಲಸಕ್ಕೆ ಬಾರದ್ದು. ತಿಂದು ಮಲಗುತ್ತಿತ್ತು, ಒಂದು ಸಲವೂ ಒದರುತ್ತಿರಲಿಲ್ಲ. ಒದರದ ಆಡಿಗೆ ಚಿರತೆ ಹೇಗೆ ಬರಬೇಕು? ಕೊನೆಗೆ ನಾನೇ ಟೊಂಗೆಯ ಮರೆಯಲ್ಲಿ ಕೂತು ಆಡಿನ ಹಾಗೆ ಒದರತೊಡಗಿದೆ. ಎಷ್ಟು ಚೆನ್ನಾಗಿ ಒದರಿದೆನೆಂದರೆ ಒಳಗಿನ ಆಡು ಎದ್ದು ನನ್ನನ್ನೇ ನೋಡಿತು.

ದೊಡ್ಡವ್ವ ಅದನ್ನು ಕೇಳಿಸಿಕೊಂಡು ನಿಂತಳು. "ಮತ್ತ ನನ್ನ ಆಡು ಯಾಕ ಬೇಕಪಾ? ನೀನ ಒಳಗ ಕೂಡು. ನಿನಗೂ ಸೊಪ್ಪು ತರ್ತೀನಿ."

ಬೋನಿನ ಉಸ್ತುವಾರಿ ಅರಣ್ಯ ಇಲಾಖೆಯ ಗಾರ್ಡ್ ಸಾಹೇಬರದು, ಯಲಬುರ್ಗಾ ಕಡೆಯವರು. ಗಂಟಲಲ್ಲಿ ಒಂದು ಹಿಡಿ ಜಲ್ಲಿ ಇಟ್ಟುಕೊಂಡಂಥ ದನಿ. ಮಾತಿಗೆ ಮುಂಚೆ ಒಂದು ಸಣ್ಣ ಕೆಮ್ಮು, ಆಮೇಲೆ "ನೋಡಪಾ". ಇಂಥ ದನಿ ಸಿಕ್ಕರೆ ನನ್ನಂಥವನಿಗೆ ನಿದ್ದೆ ಬರುವುದಿಲ್ಲ. ವಾರ ತುಂಬುವುದರೊಳಗೆ ಕೆಮ್ಮು ಸಮೇತ ಹಿಡಿದಿದ್ದೆ. ಆದರೆ ಊರಲ್ಲಿ ತೆಗೆಯಲು ಧೈರ್ಯವಿರಲಿಲ್ಲ. ಚಹಾದಂಗಡಿಯಲ್ಲಿ ಬಸ್ ಕಂಡಕ್ಟರ್, ಹರಾಜಿನವ, ಮದುವೆ ಮೈಕಿನವ, ಇವರೆಲ್ಲ ನನ್ನ ಬಾಯಲ್ಲಿ ಬರುತ್ತಿದ್ದರು. ಗಾರ್ಡ್ ಸಾಹೇಬರು ಬೋನಿನ ಹತ್ತಿರ, ನಾನೊಬ್ಬನೇ ಇದ್ದಾಗ ಮಾತ್ರ. ಒಮ್ಮೆ ಅವರೇ ಹಿಂದೆ ನಿಂತು ಕೇಳಿಸಿಕೊಂಡರು. ಬೈಯಲಿಲ್ಲ. "ನೋಡಪಾ, ನನ್ನ ದನಿ ಇನ್ನೊಬ್ಬಾವ ತಗೊಂಡ್ರ, ನಾ ಖರೇ ಹೇಳಿದಾಗ ಕೇಳವರು ಯಾರು?" ಎಂದರು. "ಎಲ್ಲಾರಿಗೂ ಬರೂದಿಲ್ಲರಿ, ನನಗೊಬ್ಬಾವಗ ಬರ್ತೈತಿ" ಎಂದೆ ನಾನು, ಹೆಮ್ಮೆಯಿಂದ.

ಅವರ ಕೆಲಸದ ಕ್ರಮ ಒಂದೇ ಥರ. ಸಂಜೆ ದಾರಿಯ ಮೆತ್ತಗಿನ ಮರಳನ್ನು ಟೊಂಗೆಯಿಂದ ಗುಡಿಸಿ ಬರಬೇಕು. ಬೆಳಗಾಗುತ್ತಲೇ ಹೋಗಿ ಹೆಜ್ಜೆ ನೋಡಬೇಕು. ಉಗುರು ಮೂಡಿದ್ದರೆ ನಾಯಿ, ಮೂಡದೆ ದುಂಡಗಿದ್ದರೆ ನಮ್ಮದು. ಆಮೇಲೆ ಊರು ಸುತ್ತಿ ಸುದ್ದಿ ಹೇಳಬೇಕು: ಹೆಜ್ಜೆ ಎಲ್ಲಿ ಕಂಡಿತು, ಯಾವ ಕಡೆ ಹೋಗಬಾರದು, ಯಾವ ಕಡೆ ಹೋಗಬಹುದು. ಹತ್ತು ಎಕರೆಯ ಯಜಮಾನನ ಕಟ್ಟೆಯ ಮುಂದೆ ಹೇಳಿದ ಮಾತನ್ನೇ, ಅದೇ ಕೆಮ್ಮಿನೊಂದಿಗೆ, ಗುಡ್ಡದ ಕೆಳಗಿನ ಕೊನೆಯ ಗುಡಿಸಲಿನ ಮುಂದೆಯೂ ಹೇಳುವರು.

"ಸಾಹೇಬ್ರ, ಒಂದ ಐತೋ ಎರಡ ಅದಾವೋ?" ಎಂದು ಜನ ಕೇಳುತ್ತಿದ್ದರು.

"ಗೊತ್ತಿಲ್ಲಪಾ."

"ಗೊತ್ತಿಲ್ಲಂದ್ರ ನಿಮಗ ಪಗಾರ ಯಾಕ ಕೊಡ್ತಾರ?"

"ಗೊತ್ತಿಲ್ಲದ್ದನ್ನ ಗೊತ್ತೈತಿ ಅನಬಾರದು ಅಂತ ಕೊಡ್ತಾರ."

ಒಂದು ದಿನ ನಾನು ಕೆಣಕಿದೆ. "ಸುಮ್ಮ ಒಂದ ಮಾತು, ಚಿರತಿ ಹೊಳಿ ದಾಟಿ ಹೋತು ಅಂದುಬಿಡ್ರಿ ಸಾಹೇಬ್ರ. ಜನ ಕಣ್ಣತುಂಬ ಮಲಗ್ತಾರ. ಪುಣ್ಯದ ಕೆಲಸ."

ಅವರು ಮರಳು ಗುಡಿಸುತ್ತಲೇ ಹೇಳಿದರು. "ನೋಡಪಾ, ಏನ ಮಾಡೂದಿದ್ರೂ, ಇದನ್ನ ಎಲ್ಲಾರೂ ಮಾಡಬಹುದೇನು ಅಂತ ಒಮ್ಮಿ ಕೇಳ್ಕೋಬೇಕು. ಮಾಡಬಹುದು ಅಂದ್ರ ಮಾಡು. ಉಳಿದವರು ಮಾಡಬಾರದು, ನಾ ಒಬ್ಬಾವ ಮಾಡ್ತೀನಿ ಅಂದ್ರ ಬ್ಯಾಡ. ನನಗ ಇಷ್ಟ ತಿಳಿದಿದ್ದು."

"ಎಲ್ಲಾರೂ ಗಾರ್ಡ್ ಆಗಬಹುದೇನ್ರಿ ಹಂಗಾರ? ಊರೆಲ್ಲಾ ಖಾಕಿ ಹಾಕ್ಕೊಂಡು ನಿಂತ್ರ ಚಿರತಿ ಎಲ್ಲಿಗೆ ಹೋಗಬೇಕು ಪಾಪ?"

"ಅದಕ್ಕ ನಿನ್ನಂಥಾವನ್ನ ಇಟ್ಟಾರ ನೋಡು, ನಗಿಸಿ ಕಳಿಸಾಕ."

ಸುಳ್ಳು ಹೇಳಿದ ದಿನ ಬೆಳಿಗ್ಗೆ ನಾನು ಸಾಹೇಬರ ಜೊತೆ ಊರು ಸುತ್ತಲು ಹೋಗಲಿಲ್ಲ. ಚಹಾದಂಗಡಿಯಲ್ಲಿ ಹರಾಜಿನವನ ದನಿಯಲ್ಲಿ ಅಂಗಡಿಯವನನ್ನೇ ಹರಾಜು ಹಾಕುತ್ತಿದ್ದೆ, ಜನ ಸೇರಿತ್ತು, ಬಿಟ್ಟು ಏಳಲಾಗಲಿಲ್ಲ. ಸಾಹೇಬರು ಒಬ್ಬರೇ ಹೆಜ್ಜೆ ನೋಡಿ, ಒಬ್ಬರೇ ಊರು ಸುತ್ತಿ ಬಂದರು. ಯಾರಿಗೆ ಎಲ್ಲಿ ಹೋಗಲು ಹೇಳಿದರು ಎಂಬುದು ನನಗೆ ಗೊತ್ತಾಗಲಿಲ್ಲ. ಗೊತ್ತು ಮಾಡಿಕೊಳ್ಳಲೂ ಇಲ್ಲ.

ಹೊತ್ತು ಏರುವಾಗ ಬಾಳೆತೋಟದಲ್ಲಿ ನೀರು ಹಾಯಿಸುತ್ತಿದ್ದವನು ಓಡಿಬಂದ. ತೋಟದ ಅಂಚಿನಿಂದ ಚಿರತೆ ಎದ್ದು, ಗುಡ್ಡದ ಬುಡದ ಕಲ್ಲುರಾಶಿಯೊಳಗೆ ಹೊಕ್ಕಿತಂತೆ. ಸಾಹೇಬರೂ ನಾನೂ ಹೋದೆವು. ಸಾಹೇಬರು ನನ್ನನ್ನು ಒಂದು ದೊಡ್ಡ ಬಂಡೆಯ ಹಿಂದೆ ಕೂರಿಸಿ ಬೆರಳು ತೋರಿಸಿದರು. ಸಂದಿಯ ಕತ್ತಲಲ್ಲಿ ಮೊದಲು ಏನೂ ಕಾಣಲಿಲ್ಲ. ಆಮೇಲೆ ಹಗ್ಗದ ತುಂಡಿನಂಥದ್ದು ಎದ್ದು, ಬಿದ್ದು, ಮತ್ತೆ ಎದ್ದಿತು. ಬಾಲ. ಎಷ್ಟೋ ದಿನ ಆಡಿನ ದನಿ ತೆಗೆದು ಕರೆದದ್ದು ಇದನ್ನೇ ಎಂಬುದು ಆಗ ಮೈಗೆ ಹತ್ತಿತು.

ಸಾಹೇಬರು ಪಿಸುಗುಟ್ಟಿದರು. ಕೊಪ್ಪಳದಿಂದ ಅರಿವಳಿಕೆ ಬಂದೂಕಿನ ಡಾಕ್ಟರು ಜೀಪಿನಲ್ಲಿ ಬರುತ್ತಿದ್ದಾರೆ, ಹೊಲದ ದಾರಿ ಅವರಿಗೆ ಗೊತ್ತಿಲ್ಲ, ಕಾಲುವೆ ಸೇತುವೆಯಿಂದ ತಾವೇ ಕರೆತರಬೇಕು. "ನೀ ಇಲ್ಲೇ ಕೂಡು. ಜನ ಬರ್ತಾರ. ಯಾರು ಕೇಳಿದ್ರೂ ಇದ್ದದ್ದನ್ನ ಹೇಳು: ಇಲ್ಲೇ ಐತಿ, ಡಾಕ್ಟರು ಬರೂ ಮಟ ಹತ್ತಿರ ಬರಬ್ಯಾಡ್ರಿ. ಗುಡ್ಡದ ಕಡಿ ಯಾರನ್ನೂ ನಿಲ್ಲಾಕ ಬಿಡಬ್ಯಾಡ. ಅದಕ್ಕ ಹೋಗಾಕ ಒಂದ ದಾರಿ ಇದ್ರ ಅದು ಯಾರ ಮೈಮ್ಯಾಲೂ ಬರಂಗಿಲ್ಲ. ದಾರಿ ಕಟ್ಟಿತು, ಯಾರಾರ ಒಬ್ಬರು ಸತ್ರು ಅಂತ ತಿಳಿ."

ಅವರು ಹಿಂದಿನ ಕಾಲುದಾರಿಯಿಂದ ಇಳಿದು ಹೋದರು. ಮುಂದಿನಿಂದ ಜನ ಬಂದರು.

ಬೈಕು, ಟ್ರ್ಯಾಕ್ಟರು, ಬಡಿಗೆ, ಎತ್ತಿ ಹಿಡಿದ ಮೊಬೈಲು, ಒಬ್ಬನ ಕೈಯಲ್ಲಿ ಪಟಾಕಿ ಸರ. ಮುಂದೆ ನಿಂತವನು ಎಮ್ಮೆಗರು ಕಳೆದುಕೊಂಡ ಟ್ರ್ಯಾಕ್ಟರಿನವ. ಅವನ ಸಿಟ್ಟು ಸುಳ್ಳಲ್ಲ. ಆ ಕರುವಿಗೆ ಹೊದಿಸಲು ತನ್ನ ಕಂಬಳಿ ಕೊಟ್ಟಿದ್ದನಂತೆ. ನಾನು ಬಂಡೆಯ ಹಿಂದಿನಿಂದಲೇ, ನನ್ನ ದನಿಯಲ್ಲಿ, "ಹಿಂದ ಸರೀರಿ, ಹತ್ತಿರ ಬರಬ್ಯಾಡ್ರಿ" ಎಂದೆ.

ಯಾರೋ ನಕ್ಕರು. "ಆ ಕುಷ್ಟಗಿ ಹುಡುಗ ಅದಾನ. ಆಡಿನ ದನಿ ತಗೀಲೇ, ಕೇಳೂಣು."

ಉಳಿದವರೂ ನಕ್ಕರು. ನನಗೆ ಜೀವನದಲ್ಲಿ ನಗೆ ಬೇಡವಾಗಿದ್ದು ಅದೊಂದೇ ಸಲ. ಬಾಲ ಈಗ ನಿಂತಿತ್ತು. ಅಲ್ಲಾಡುವ ಬಾಲಕ್ಕಿಂತ ನಿಂತ ಬಾಲ ಕೆಟ್ಟದ್ದು ಎಂದು ಸಾಹೇಬರು ಹೇಳಿದ್ದು ನೆನಪಾಯಿತು.

ಟ್ರ್ಯಾಕ್ಟರಿನವ ಮುಂದೆ ಬಂದ. "ಗಾರ್ಡ್ ಸಾಹೇಬ್ರ, ನೀವು ಅಲ್ಲೇ ಅದೀರಿ ಅಂತ ಗೊತ್ತೈತಿ. ಒಂದ ಮಾತು ಹೇಳ್ರಿ. ಒಳಗ ಐತೋ ಇಲ್ಲೋ? ಇದ್ರ ನಾವು ನೋಡ್ಕೋತೀವಿ."

ಸಾಹೇಬರು ಹೋದದ್ದು ಅವರಿಗೆ ತಿಳಿದಿರಲಿಲ್ಲ. ಬಂಡೆಯ ಹಿಂದೆ ನಾನೊಬ್ಬನೇ. ಸಾಹೇಬರಾಗಿದ್ದರೆ ಐತಿ ಎನ್ನುತ್ತಿದ್ದರು. ಅವರು ಐತಿ ಎಂದರೆ ಅದರ ಮುಂದಿನ ಮಾತನ್ನೂ ಜನ ಕೇಳುತ್ತಿದ್ದರು. ನಾನು ಐತಿ ಎಂದರೆ ಪಟಾಕಿ ಸರ ಸಂದಿಯೊಳಗೆ ಬೀಳುತ್ತದೆ. ಸುಮ್ಮನಿದ್ದರೂ ಬೀಳುತ್ತದೆ. ಆಮೇಲೆ ಚಿರತೆಗೆ ಮೊದಲು ಸಿಗುವವನು ನಾನು. ಇದನ್ನೆಲ್ಲ ಹೀಗೆ ಸಾಲಾಗಿ ಯೋಚಿಸಿದೆ ಎಂದಲ್ಲ. ಹೆದರಿಕೆ ನನ್ನ ಬಾಯಿಗೆ ಗೊತ್ತಿದ್ದ ಒಂದೇ ಕೆಲಸವನ್ನು ಮಾಡಿಸಿತು. ಸಣ್ಣಗೆ ಕೆಮ್ಮಿದೆ.

"ನೋಡಪಾ," ಎಂದೆ, ಜಲ್ಲಿಯ ದನಿಯಲ್ಲಿ. "ಇಲ್ಲಿ ಇಲ್ಲ. ಆಗಳೇ ಕ್ವಾರಿ ಕಡೆ ಹೋಗ್ಯದ."

ಒಬ್ಬನೂ ಎದುರಾಡಲಿಲ್ಲ, ಖರೇನಾ ಎಂದು ಕೇಳಲಿಲ್ಲ. ಆ ಮನುಷ್ಯ ವರ್ಷಗಟ್ಟಲೆ ಮನೆಮನೆಯ ಮುಂದೆ ನಿಂತು ಕೂಡಿಸಿದ್ದನ್ನು ನಾನು ಒಂದು ಕೆಮ್ಮಿನಲ್ಲಿ ಖರ್ಚು ಮಾಡಿದೆ. ಕ್ವಾರಿ ಎಂದು ಏಕೆ ಬಾಯಿಗೆ ಬಂತೆಂದರೆ ಅದು ಬಂದ್ ಆಗಿರುವ ಹಳೆಯ ಕಲ್ಲುಗಣಿ, ಗುಡ್ಡದ ಆಚೆ ಇತ್ತು, ರಸ್ತೆಯಲ್ಲಿ ಸುತ್ತಿ ಹೋಗಬೇಕು, ಅಲ್ಲಿ ಯಾರೂ ಇರುವುದಿಲ್ಲ. ಹಾಗಂತ ನಾನು ನಂಬಿದ್ದೆ. ಟ್ರ್ಯಾಕ್ಟರು ತಿರುಗಿತು, ಬೈಕುಗಳು ಹಿಂದೆ ಬಿದ್ದವು. ಹೋಗುವ ಸಡಗರದಲ್ಲಿ ಯಾವನೋ ಬಾಳೆತೋಟದ ಬದುವಿನಲ್ಲಿ ಅರ್ಧ ಸರ ಪಟಾಕಿ ಹಚ್ಚಿದ.

ಸದ್ದು ಅಡಗಿದ ಮೇಲೆ ನನಗೆ ನನ್ನ ಮೇಲೆಯೇ ಮೆಚ್ಚುಗೆ ಬಂತು. ಸ್ವಲ್ಪ ಹೊತ್ತು ಅದನ್ನು ಅನುಭವಿಸಿದೆ. ಆಮೇಲೆ ಸಂದಿಯ ಕಡೆ ನೋಡಿದೆ. ಬಾಲವಿರಲಿಲ್ಲ.

ಕತ್ತಲು ಹಾಗೇ ಇತ್ತು, ಬಾಲ ಮಾತ್ರ ಇರಲಿಲ್ಲ. ಎಡಕ್ಕೆ ನೋಡಿದೆ, ಬಲಕ್ಕೆ ನೋಡಿದೆ, ನನ್ನ ಬೆನ್ನ ಹಿಂದೆ ನೋಡಲು ಕುತ್ತಿಗೆ ತಿರುಗಲಿಲ್ಲ. ಕೊನೆಗೆ ತೆವಳುತ್ತ ಹೊರಬಂದು ಗುಡ್ಡದ ಕಡೆಯ ಕಾಲುದಾರಿಗೆ ಹೋದೆ. ಹಿಂದಿನ ಸಂಜೆ ನಾನೇ ಗುಡಿಸಿದ್ದ ಮರಳು. ಅದರ ಮೇಲೆ ಹೊಸ ಹೆಜ್ಜೆ. ದುಂಡಗೆ, ಉಗುರಿಲ್ಲದೆ, ಉದ್ದ ಉದ್ದ ಅಂತರದಲ್ಲಿ. ಪಟಾಕಿಗೆ ಬೆದರಿ ಓಡಿದ ಹೆಜ್ಜೆ. ಆ ದಾರಿ ಗುಡ್ಡದ ತಗ್ಗಿನಲ್ಲಿ ಹತ್ತಿ ಆಚೆ ಇಳಿಯುವುದು ಕ್ವಾರಿಗೆ. ರಸ್ತೆಯಲ್ಲಿ ಸುತ್ತುವ ಟ್ರ್ಯಾಕ್ಟರಿಗಿಂತ ಮುಂಚೆ ಮುಟ್ಟಿಸುವ ಒಳದಾರಿ.

ಬಂಡೆಯ ಮೇಲೆ ಹತ್ತಿದರೆ ಸಿಗ್ನಲ್ ಸಿಗುತ್ತಿತ್ತು. ಸಾಹೇಬರಿಗೆ ಫೋನ್ ಹಚ್ಚಿದೆ.

"ಸಾಹೇಬ್ರ, ಚಿರತಿ ಕ್ವಾರಿ ಕಡಿ ಹೋಗೈತಿ."

"ಜನ ಎಲ್ಲಿ ಅದಾರ?"

"ಅವರೂ ಅಲ್ಲಿಗೇ ಹೋಗ್ಯಾರ."

"ಯಾರು ಕಳಿಸಿದ್ರು?"

ಉತ್ತರಕ್ಕೆ ಅವರು ಕಾಯಲಿಲ್ಲ. "ಕ್ವಾರಿಯಾಗ ದೊಡ್ಡವ್ವ ಅದಾಳಲೇ. ಆ ಕಡಿ ಹೆಜ್ಜಿ ಇಲ್ಲ, ಇವತ್ತ ಆಡು ಅಲ್ಲಿ ಹೊಡಕೊಂಡು ಹೋಗು ಅಂತ ಮುಂಜಾನಿ ನಾನ ಹೇಳೀನಿ."

ಫೋನು ಕಟ್ ಆಯಿತು. ಆ ಒಳದಾರಿಯಲ್ಲೇ ಓಡಿದೆ. ಚಿರತೆಯ ಹಿಂದೆ ಒಬ್ಬನೇ ಓಡುವ ಕುಷ್ಟಗಿಯವನನ್ನು ಯಾರಾದರೂ ನೋಡಿದ್ದರೆ ನಕ್ಕಿರುತ್ತಿದ್ದರು. ಪ್ರತಿ ಬಂಡೆಯ ತಿರುವಿನಲ್ಲೂ ಅದು ಕೂತಿದೆ ಎನ್ನಿಸುತ್ತಿತ್ತು. ಹಾದಿಯುದ್ದಕ್ಕೂ ನಾನು ಬೇಡಿಕೊಂಡದ್ದು ಒಂದೇ, ನಾನು ಹೇಳಿದ್ದು ಸುಳ್ಳಾಗಲಿ.

ಕ್ವಾರಿಯ ಮೇಲಿನ ಅಂಚಿಗೆ ಬಂದು ಇಣುಕಿದೆ. ಮೂರು ಕಡೆ ಕಡಿದ ಕಲ್ಲಿನ ಗೋಡೆ. ತಳದಲ್ಲಿ ಹಸಿರು ನೀರಿನ ಹೊಂಡ, ಅದರ ಪಕ್ಕ ಸ್ವಲ್ಪ ಹುಲ್ಲು. ನಾಲ್ಕನೆಯ ಕಡೆ, ಹಿಂದೆ ಲಾರಿಗಳು ಇಳಿಯುತ್ತಿದ್ದ ಇಳಿಜಾರು. ನಾನು ನಿಂತ ಕಡೆಯಿಂದ ಚಿರತೆ ಜಿಗಿದು ಇಳಿಯಬಹುದು, ಹತ್ತಲಾರದು. ಹತ್ತಿ ಹೊರಬರಲು ದಾರಿ ಆ ಇಳಿಜಾರು ಒಂದೇ. ಅದರ ಬಾಯಲ್ಲಿ ಟ್ರ್ಯಾಕ್ಟರನ್ನು ಅಡ್ಡ ನಿಲ್ಲಿಸಿ ಜನ ತುಂಬಿ ನಿಂತಿದ್ದರು.

ದೊಡ್ಡವ್ವ ಹೊಂಡದ ಆಚೆಯ ಗೋಡೆಗೆ ಬೆನ್ನು ಹಚ್ಚಿ ನಿಂತಿದ್ದಳು, ಆಡುಗಳು ಅವಳ ಕಾಲಿಗೆ ಒತ್ತಿಕೊಂಡಿದ್ದವು. ಒಂದರ ಕೊಂಬನ್ನು ಬಿಗಿಯಾಗಿ ಹಿಡಿದಿದ್ದಳು. ಅವಳಿಗೂ ಇಳಿಜಾರಿಗೂ ನಡುವೆ ಒಡೆದ ಕಲ್ಲಿನ ಗುಡ್ಡೆ, ಗುಡ್ಡೆಯ ಮೇಲೆ ಚಿರತೆ. ಕಿವಿ ಹಿಂದಕ್ಕೆ ಮಡಚಿ, ಹೊಟ್ಟೆ ನೆಲಕ್ಕೆ ಹಚ್ಚಿ, ಜನರ ಕಡೆ ಒಮ್ಮೆ ನೋಡುತ್ತಿತ್ತು, ಅವಳ ಕಡೆ ಒಮ್ಮೆ. ಜನ ಇಳಿಜಾರಿನಿಂದ ಒಂದು ಕಲ್ಲು ಎಸೆದಾಗಲೆಲ್ಲ ಅದು ಅವಳ ಕಡೆ ಒಂದು ಗೇಣು ಸರಿಯುತ್ತಿತ್ತು. ಅವಳು ಕೂಗುತ್ತಿರಲಿಲ್ಲ. ಆಡುಗಳಿಗೆ ಏನೋ ಸಣ್ಣಗೆ ಹೇಳುತ್ತಿದ್ದಳು, ತುಟಿ ಅಲ್ಲಾಡುವುದು ಮಾತ್ರ ಕಾಣುತ್ತಿತ್ತು.

ಅಷ್ಟರಲ್ಲಿ, ಡಾಕ್ಟರ ಜೀಪಿಗೆ ಕಾಯದೆ, ಸಾಹೇಬರೊಬ್ಬರೇ ಬೈಕಿನಲ್ಲಿ ಬಂದರು. ಗಾಡಿಯನ್ನು ಬೀಳಲು ಬಿಟ್ಟು ಗುಂಪಿನೊಳಗೆ ನುಗ್ಗಿದರು. "ದಾರಿ ಬಿಡ್ರಿ. ಟ್ರ್ಯಾಕ್ಟರ್ ತಗೀರಿ. ಅದಕ್ಕ ಹೋಗಾಕ ದಾರಿ ಬಿಡ್ರಿ, ಇಲ್ಲಂದ್ರ ಆಕಿ ಮ್ಯಾಲೆ ಹೋಗ್ತೈತಿ."

ಟ್ರ್ಯಾಕ್ಟರಿನವ ತಿರುಗಿ ನಿಂತ. "ಆಗ ಕ್ವಾರಿಗೆ ಹೋಗ್ಯದ ಅಂದವರೂ ನೀವ. ಈಗ ದಾರಿ ಬಿಡು ಅನ್ನವರೂ ನೀವ. ಅದನ್ನ ತಪ್ಪಿಸಿ ಕಳಿಸಾಕ ಹತ್ತೀರೇನು?"

"ನಾ ಏನೂ ಹೇಳಿಲ್ಲಪಾ. ನಾ ಸೇತುವಿ ಕಡೆ ಇದ್ದೆ."

"ನಾವೇನು ಕಿವುಡರೇನ್ರಿ? ಇಷ್ಟು ಮಂದಿ ಕೇಳೀವಿ. ನೋಡಪಾ ಅಂದ್ರಿ, ಕೆಮ್ಮಿದ್ರಿ."

"ಬಾಯಿಬಿಟ್ಟು ಸುಳ್ಳು ಹೇಳಾಕ ಹತ್ಯಾರ ನೋಡು," ಎಂದರು ಯಾರೋ ಹಿಂದಿನಿಂದ.

ಸಾಹೇಬರು ಅಲ್ಲೇ ನಿಂತುಬಿಟ್ಟರು. ದಾರಿ ಬಿಡ್ರಿ ಎಂದು ಮತ್ತೆ ಹೇಳಿದರು, ಆ ದನಿಗೆ ಈಗ ತೂಕವಿರಲಿಲ್ಲ. ಒಬ್ಬನೂ ಕದಲಲಿಲ್ಲ. ಇನ್ನೊಂದು ಕಲ್ಲು ಬಿತ್ತು. ಚಿರತೆ ಇನ್ನೊಂದು ಗೇಣು ಸರಿಯಿತು.

ಮೇಲೆ ಬಂಡೆಯ ಮರೆಯಲ್ಲಿದ್ದ ನನಗೆ ಒಂದು ದಾರಿ ಹೊಳೆಯಿತು. ನನ್ನ ಹತ್ತಿರ ಇನ್ನೂ ದನಿಗಳಿದ್ದವು. ಗಂಗಾವತಿಯ ಪೊಲೀಸ್ ಸಾಹೇಬರೊಬ್ಬರ ದನಿ ಚೆನ್ನಾಗಿ ಬರುತ್ತಿತ್ತು. ಗುಡ್ಡದ ಮರೆಯಿಂದ "ಲಾಠಿ ತಗೀರಿ, ಇವರನ್ನೆಲ್ಲ ಹಿಡೀರಿ" ಎಂದು ಒಂದು ಸಲ ಗುಡುಗಿದರೆ ಅರ್ಧ ಜನ ಓಡುತ್ತಾರೆ. ಅದು ಗಂಟಲಿನವರೆಗೆ ಬಂತು. ನಾನು ಅದನ್ನು ತಡೆದದ್ದು ದೊಡ್ಡ ಬುದ್ಧಿಯಿಂದಲ್ಲ. ಒಂದು ಸುಳ್ಳು ಎಲ್ಲಿಗೆ ಬಂದು ನಿಂತಿದೆ ಎಂಬುದು ಕೆಳಗೆ ಕಾಣುತ್ತಿತ್ತು. ಎರಡನೆಯದು ಎಲ್ಲಿ ಹೋಗಿ ನಿಲ್ಲುತ್ತದೆ ಎಂಬುದನ್ನು ನೋಡುವ ಧೈರ್ಯ ನನಗಿರಲಿಲ್ಲ.

ಅಂಚಿಗೆ ಬಂದು, ಎಲ್ಲರಿಗೂ ಕಾಣುವಂತೆ ಎದ್ದು ನಿಂತೆ. ನನ್ನ ದನಿಯಲ್ಲಿ ಕೂಗಿದೆ. ಜೋರಾಗಿ ಕೂಗಿದಾಗ ನನ್ನ ದನಿ ಹೇಗಿರುತ್ತದೆ ಎಂದು ನನಗೇ ಮರೆತಿತ್ತು. ಸಣ್ಣಗೆ, ಒಡಕಾಗಿ ಬಂತು.

"ಸಾಹೇಬ್ರು ಹೇಳಿಲ್ಲ. ಆಗ ಮಾತಾಡಿದಾವ ನಾನು. ಅವರ ದನಿ ಮಾಡಿ ಸುಳ್ಳು ಹೇಳೀನಿ. ಚಿರತಿ ಅಲ್ಲೇ ಇತ್ತು. ಈಗ ಹೇಳಾಕ ಹತ್ತಿದ್ದು ಅವರ ಮಾತು. ದಾರಿ ಬಿಡ್ರಿ."

ಎಲ್ಲರೂ ಮೇಲೆ ನೋಡಿದರು. ಟ್ರ್ಯಾಕ್ಟರಿನವ ಕಣ್ಣಿಗೆ ಕೈ ಅಡ್ಡ ಹಿಡಿದು ಕೂಗಿದ. "ಸಾಹೇಬ್ರನ್ನ ಉಳಿಸಾಕ ನೀ ಈಗ ಸುಳ್ಳು ಹೇಳಾಕ ಹತ್ತಿಲ್ಲಂತ ಹೆಂಗ ನಂಬೂದಲೇ?"

ಸರಿಯಾದ ಪ್ರಶ್ನೆ. ನಾನು ಕೆಮ್ಮಿದೆ. ಎಲ್ಲರ ಕಣ್ಣೆದುರಿಗೆ, ನನ್ನ ಬಾಯಿ ಅಲ್ಲಾಡುವುದು ಕಾಣುವಂತೆ, "ನೋಡಪಾ, ಇಲ್ಲಿ ಇಲ್ಲ. ಆಗಳೇ ಕ್ವಾರಿ ಕಡೆ ಹೋಗ್ಯದ" ಎಂದೆ.

ನನ್ನ ಆಯುಷ್ಯದಲ್ಲಿ ಅಷ್ಟು ಚೆನ್ನಾಗಿ ಮಾಡಿದ ಮಿಮಿಕ್ರಿ ಇನ್ನೊಂದಿಲ್ಲ. ಚಪ್ಪಾಳೆ ಬೀಳಲಿಲ್ಲ. ಗಾರ್ಡ್ ಸಾಹೇಬರು, ತಮ್ಮ ದನಿ ಗುಡ್ಡದ ಮೇಲಿನಿಂದ ಬರುವುದನ್ನು ಕೇಳಿ, ತಲೆ ತಗ್ಗಿಸಿದರು. ಆಮೇಲೆ ಒಂದು ಬೈಗುಳ ಎದ್ದಿತು, ಅದರ ಹಿಂದೆ ಇಡೀ ಗುಂಪು. ಬಡಿಗೆ ಹಿಡಿದವರೆಲ್ಲ ಕ್ವಾರಿಯ ಪಕ್ಕದ ಕಲ್ಲುದಾರಿ ಹಿಡಿದು ನನ್ನ ಕಡೆ ಹತ್ತತೊಡಗಿದರು. ಓಡಬೇಕೆಂದುಕೊಂಡೆ, ಕಾಲು ಏಳಲಿಲ್ಲ. ಹಾಗಾಗಿ ನಿಂತದ್ದನ್ನು ಧೈರ್ಯ ಎಂದು ಯಾರೂ ತಿಳಿಯಬಾರದು.

ಇಳಿಜಾರಿನ ಬಾಯಿ ಬರಿದಾಯಿತು. ಸಾಹೇಬರು ಟ್ರ್ಯಾಕ್ಟರಿನ ಬದಿಗೆ ಸರಿದು, ಉಳಿದಿದ್ದ ಒಂದಿಬ್ಬರನ್ನು ತೋಳು ಹಿಡಿದು ಎಳೆದುಕೊಂಡರು. ಮೊದಲ ಏಟು ನನ್ನ ಹೆಗಲಿಗೆ ಬಿದ್ದಾಗ ನಾನು ಕೆಳಗೇ ನೋಡುತ್ತಿದ್ದೆ. ಚಿರತೆ ಗುಡ್ಡೆಯಿಂದ ಇಳಿಯಿತು, ಅವಳ ಕಡೆ ಒಮ್ಮೆಯೂ ತಿರುಗಲಿಲ್ಲ, ಇಳಿಜಾರನ್ನು ಹಳದಿ ನೀರು ಹರಿದಂತೆ ಹತ್ತಿ, ಟ್ರ್ಯಾಕ್ಟರಿನ ಗಾಲಿಯ ಪಕ್ಕದಿಂದ ಹಾದು ಗುಡ್ಡ ಸೇರಿತು. ಎರಡನೆಯ ಏಟಿಗೆ ಕೂತೆ. ಸಾಹೇಬರು ನನ್ನ ಕಡೆ ಬರಲಿಲ್ಲ. ಇಳಿಜಾರಿನಲ್ಲಿ ಇಳಿದು ಹೋಗಿ ದೊಡ್ಡವ್ವನ ಮುಂದೆ ನಿಂತರು, ಅವಳು ಆಡಿನ ಕೊಂಬು ಬಿಟ್ಟಳು, ಆಮೇಲೆ ನೆಲಕ್ಕೆ ಕುಸಿದಳು. ಕ್ರಮ ಅದೇ ಸರಿ. ನನಗೆ ಮೂಗಿನಿಂದ ರಕ್ತ ಬರುತ್ತಿತ್ತು, ಅಷ್ಟೇ.

ಮುಂದೆ ಚಿರತೆ ನಮ್ಮ ಬೋನಿಗೇ ಬಿತ್ತು, ಡಾಕ್ಟರು ನೋಡಿ ದೂರದ ಕಾಡಿಗೆ ಕಳಿಸಿದರು. ಪತ್ರಿಕೆಯವರೊಬ್ಬರು ಬಂದು, ಜನರನ್ನು ತನ್ನ ಕಡೆ ಸೆಳೆದು ಮಹಿಳೆಯ ಜೀವ ಉಳಿಸಿದ ಜಾಣ ವಾಚರ್ ಎಂದು ಬರೆದರು. ನಾನು ಅದನ್ನು ತಿದ್ದಲಿಲ್ಲ. ಊದಿದ ಮೂಗಿನ ಜೊತೆ ಆ ಸುದ್ದಿ ಚೆನ್ನಾಗಿ ಒಪ್ಪುತ್ತಿತ್ತು.

ಆಮೇಲೆ ರೇಂಜ್ ಆಫೀಸರ್ ವಿಚಾರಣೆಗೆ ಬಂದರು. ಶಾಲೆಯ ಪಡಸಾಲೆಯಲ್ಲಿ ಕುರ್ಚಿ ಹಾಕಿದ್ದರು. ನನ್ನನ್ನು ಇಟ್ಟುಕೊಳ್ಳಬೇಕೋ ಬಿಡಬೇಕೋ ಎಂಬುದು ಅವರ ಮುಂದಿದ್ದ ಪ್ರಶ್ನೆ. ಆಶ್ಚರ್ಯವೆಂದರೆ ಟ್ರ್ಯಾಕ್ಟರಿನವನೇ ನನ್ನ ಪರ ನಿಂತ. "ಸರ್, ಆವತ್ತ ಒಳಗ ಐತಿ ಅಂದಿದ್ರ ನಾವು ಸಂದ್ಯಾಗ ಪಟಾಕಿ ಹಾಕತಿದ್ವಿ. ನಮ್ಮಾಗ ಒಬ್ಬಾವರ ಹೋಗತಿದ್ದ. ಹುಡುಗ ಹೇಳಿದ್ದು ಸುಳ್ಳ ಖರೇ, ಆದ್ರ ಅದ್ರಿಂದ ನಾವು ಉಳದೀವಿ."

ಪಡಸಾಲೆಯಲ್ಲಿ ಹಲವು ತಲೆಗಳು ಆಡಿದವು. ಆಫೀಸರ್ ಗಾರ್ಡ್ ಸಾಹೇಬರ ಕಡೆ ತಿರುಗಿದರು. "ನೀವೇನಂತೀರಿ?"

ಸಾಹೇಬರು ಟೊಪ್ಪಿಗೆ ತೆಗೆದು ಕೈಯಲ್ಲಿ ಹಿಡಿದರು. "ಹುಡುಗ ಕೆಟ್ಟವ ಅಲ್ಲರಿ ಸರ್. ಆದ್ರ ಆವತ್ತಿನಿಂದ ನಾ ಹೋಗಿ ಸುದ್ದಿ ಹೇಳಿದ್ರ ಜನ ಮಾತು ಕೇಳೂದಿಲ್ಲ, ನನ್ನ ಬಾಯಿ ನೋಡ್ತಾರ. ನಾನ ಹೇಳಾಕ ಹತ್ತೀನೇನು ಅಂತ."

ಆ ಮಾತು ನನಗೆ ತಾಗಿತು. ತಾಗಿದ್ದರಿಂದಲೇ ಎದ್ದು ವಾದಿಸಿದೆ. "ಸರ್, ಖುಷಿಗಂತ ಸುಳ್ಳು ಹೇಳಿಲ್ಲರಿ. ಮುಂದ ಅಷ್ಟು ಜನ, ಹಿಂದ ಚಿರತಿ. ಕ್ವಾರಿಯಾಗ ಯಾರೂ ಇಲ್ಲ ಅಂತ ತಿಳಿದಿದ್ದೆ. ಆ ಹೊತ್ತಿನಾಗ, ಆ ಜಾಗದಾಗ ಯಾರಿದ್ರೂ ಅದನ್ನ ಹೇಳತಿದ್ರು. ಬೇಕಂದ್ರ ಎಲ್ಲಾರನ್ನೂ ಕೇಳ್ರಿ, ಯಾರಾರ ಒಬ್ಬರು ಇಲ್ಲ ಅನ್ನಲಿ ನೋಡೂಣು."

ಆಫೀಸರ್ ಸುತ್ತ ನೋಡಿದರು. ಯಾರೂ ಇಲ್ಲ ಎನ್ನಲಿಲ್ಲ. ಗೆದ್ದೆ ಎಂದುಕೊಂಡು ನಾನು ಕೂರಲು ಹೊರಟೆ. ಬಾಗಿಲ ಕಂಬಕ್ಕೆ ಒರಗಿ ನಿಂತಿದ್ದ ದೊಡ್ಡವ್ವ, ಸೆರಗನ್ನು ಹೆಗಲ ಮೇಲೆ ಸರಿಮಾಡಿಕೊಂಡು, ದನಿ ಏರಿಸದೆ ಹೇಳಿದಳು:

"ನಾ ಹೇಳತಿದ್ದಿಲ್ಲೋ ತಮ್ಮಾ. ನಾ ಕ್ವಾರಿಯಾಗ ಇದ್ದೆ."